ಹಿಮದ ಮೇಲೆ 29 ಪದಕ: ಉಕ್ರೇನಿನ ಚಳಿಗಾಲದ ಪ್ಯಾರಾಲಿಂಪಿಕ್ ತಂಡದ ಕಥೆ

ಈ ವಾರದ ಮಾತು ಆಟದ ಬಗ್ಗೆ, ಆದರೆ ಕ್ರಿಕೆಟ್ ಅಲ್ಲ. ವಿಡಿಯೋ ನೋಡೋಕೆ ಪುರುಸೊತ್ತಿಲ್ಲ, ಆಫೀಸ್ ಬಸ್ಸಲ್ಲಿ ಓದ್ಕೊಂಡು ಹೋಗ್ತೀವಿ ಅನ್ನೋರಿಗಾಗಿ ಅದನ್ನೇ ಸ್ವಲ್ಪ ತಿದ್ದಿ ಇಲ್ಲಿ ಬರಹಕ್ಕೆ ಇಳಿಸಿದ್ದೀನಿ.

2022ರ ಮಾರ್ಚ್ 1 ನಿಮಗೆ ನೆನಪಿರಬಹುದು. ನಾನು ಪುಣೆಯ ಬಾಡಿಗೆ ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದೆ. ಮಧ್ಯಾಹ್ನದ ಹೊತ್ತಿಗೆ ನಮ್ಮ ಕನ್ನಡದ ಎಲ್ಲ ವಾಟ್ಸಾಪ್ ಗ್ರೂಪುಗಳಲ್ಲೂ ಒಂದೇ ಸುದ್ದಿ. ಉಕ್ರೇನಿನ ಖಾರ್ಕಿವ್ ನಗರದಲ್ಲಿ ಮೆಡಿಕಲ್ ಓದುತ್ತಿದ್ದ ನಮ್ಮ ಹಾವೇರಿ ಜಿಲ್ಲೆಯ ಹುಡುಗ, ತಿನ್ನೋಕೆ ಏನಾದ್ರೂ ತರೋಣ ಅಂತ ಹೊರಗೆ ಹೋದವನು, ಶೆಲ್ ದಾಳಿಯಲ್ಲಿ ತೀರಿಕೊಂಡಿದ್ದ. ಅಲ್ಲಿಯವರೆಗೂ ಖಾರ್ಕಿವ್ ಅನ್ನೋದು ನನಗೆ ಭೂಪಟದ ಮೇಲಿನ ಒಂದು ಹೆಸರು. ಅವತ್ತಿಂದ ಅದು ನಮ್ಮೂರ ಹುಡುಗ ಸತ್ತ ಜಾಗ.

ಇದಾಗಿ ನಾಲ್ಕು ದಿನಕ್ಕೆ, ಮಾರ್ಚ್ 5ಕ್ಕೆ, ಅದೇ ಖಾರ್ಕಿವ್ ಹೆಸರು ಇನ್ನೊಂದು ಚಿಕ್ಕ ಸುದ್ದಿಯಲ್ಲಿ ಕಾಣಿಸ್ತು. ಬೀಜಿಂಗ್ ಚಳಿಗಾಲದ ಪ್ಯಾರಾಲಿಂಪಿಕ್ಸ್‌ನ ಮೊದಲ ದಿನ ಖಾರ್ಕಿವ್‌ನ ಇಬ್ಬರು ಸ್ಕೀಯರ್‌ಗಳು ಚಿನ್ನ ಗೆದ್ದಿದ್ದರು. ಒಬ್ಬರು ಒಕ್ಸಾನಾ ಶಿಷ್ಕೋವಾ, ಇನ್ನೊಬ್ಬರು 43 ವರ್ಷದ ವಿಟಾಲಿ ಲುಕ್ಯಾನೆಂಕೋ. ಇಬ್ಬರಿಗೂ ದೃಷ್ಟಿದೋಷ. ಅವರ ಊರಿನ ಮೇಲೆ ಆ ಹೊತ್ತಿಗೂ ಬಾಂಬ್ ಬೀಳ್ತಾ ಇತ್ತು.

ಆಟಗಳು ಮುಗಿಯುವಷ್ಟರಲ್ಲಿ ಉಕ್ರೇನಿಗೆ 11 ಚಿನ್ನ, 10 ಬೆಳ್ಳಿ, 8 ಕಂಚು, ಒಟ್ಟು 29 ಪದಕ ಬಂದಿದ್ದವು. ಆತಿಥೇಯ ಚೀನಾ ಬಿಟ್ಟರೆ ಎರಡನೇ ಸ್ಥಾನ. ಮಜಾ ನೋಡಿ, ಅದಕ್ಕೆ ಕೆಲವೇ ವಾರ ಮುಂಚೆ, ಇದೇ ಬೀಜಿಂಗ್‌ನ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ, ಯುದ್ಧ ಇನ್ನೂ ಶುರುವಾಗದೇ ಇದ್ದಾಗ, ಇದೇ ದೇಶಕ್ಕೆ ಸಿಕ್ಕಿದ್ದು ಒಂದೇ ಒಂದು ಬೆಳ್ಳಿ.

ಒಂದು ಕಡೆ 1, ಇನ್ನೊಂದು ಕಡೆ 29. ಎಂಜಿನಿಯರ್ ಬುದ್ಧಿ, ಡೇಟಾದಲ್ಲಿ ಇಷ್ಟು ವ್ಯತ್ಯಾಸ ಕಂಡರೆ ಸುಮ್ಮನಿರೋಕೆ ಆಗಲ್ಲ. ಇದಕ್ಕೆ "ಛಲ" ಅನ್ನೋ ಒಂದು ಪದದ ಉತ್ತರ ಸಾಲದು ಅನ್ನಿಸ್ತು. ಛಲ ಎಲ್ಲ ದೇಶದವರಿಗೂ ಇರುತ್ತೆ. ಹಾಗಾಗಿ ಹಿಂದಕ್ಕೆ ಹೋಗಿ ಹುಡುಕಿದೆ. ಸಿಕ್ಕಿದ್ದು ಇಷ್ಟು.

ಮೊದಲು ಆಟ ಅರ್ಥ ಮಾಡ್ಕೊಳ್ಳೋಣ

ಚಳಿಗಾಲದ ಪ್ಯಾರಾಲಿಂಪಿಕ್ಸ್ ಶುರುವಾಗಿದ್ದು 1976ರಲ್ಲಿ, ಸ್ವೀಡನ್‌ನ ಅರ್ನ್‌ಶೋಲ್ಡ್ಸ್‌ವಿಕ್ ಅನ್ನೋ ಊರಲ್ಲಿ. ಬೇಸಿಗೆಯ ಆಟಗಳ ಬೇರು ಇನ್ನೂ ಹಿಂದಿನದು. 1948ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಲುಡ್ವಿಗ್ ಗುಟ್‌ಮನ್ ಅನ್ನೋ ವೈದ್ಯರು, ಯುದ್ಧದಲ್ಲಿ ಬೆನ್ನುಹುರಿಗೆ ಪೆಟ್ಟು ಬಿದ್ದವರಿಗೆ ಏರ್ಪಡಿಸಿದ ಸ್ಪರ್ಧೆಯಿಂದ ಅದು ಬೆಳೀತು. ಅಂದ್ರೆ ಈ ಆಟಗಳಿಗೂ ಯುದ್ಧಕ್ಕೂ ಹುಟ್ಟಿನಿಂದಲೇ ನಂಟಿದೆ.

ಉಕ್ರೇನ್ ಬೀಜಿಂಗ್‌ನಲ್ಲಿ ಗೆದ್ದ 29 ಪದಕಗಳೂ ಎರಡೇ ಆಟಗಳಿಂದ ಬಂದವು. ಒಂದು ಕ್ರಾಸ್ ಕಂಟ್ರಿ ಸ್ಕೀಯಿಂಗ್, ಅಂದ್ರೆ ಹಿಮದ ಮೇಲಿನ ದೂರದ ಓಟ. ಇನ್ನೊಂದು ಬಯಾಥ್ಲಾನ್. ಇದರಲ್ಲಿ ಸ್ಕೀ ಮಾಡ್ತಾ ಬಂದು, ಏದುಸಿರು ಬಿಡ್ತಾನೇ ರೈಫಲ್ ಹಿಡಿದು ಗುರಿಗೆ ಹೊಡೀಬೇಕು. ಗುರಿ ತಪ್ಪಿದ್ರೆ ಸ್ಪರ್ಧೆಯ ಬಗೆ ನೋಡ್ಕೊಂಡು ಒಂದು ಸುತ್ತು ಹೆಚ್ಚಿಗೆ ಹೋಗಬೇಕು, ಇಲ್ಲವೇ ಸಮಯ ಸೇರಿಸ್ತಾರೆ.

ಕಣ್ಣು ಕಾಣದವರು ಗುರಿ ಹೇಗೆ ಹೊಡೀತಾರೆ? ನನಗೂ ಮೊದಲು ಬಂದ ಪ್ರಶ್ನೆ ಇದೇ. ಅವರ ರೈಫಲ್ ಎಲೆಕ್ಟ್ರಾನಿಕ್, ಕಿವಿಗೆ ಹೆಡ್‌ಫೋನ್. ಗುರಿ ಇರೋದು 10 ಮೀಟರ್ ದೂರದಲ್ಲಿ. ರೈಫಲ್‌ನ ಮೂತಿ ಗುರಿಯ ನಡುಮಧ್ಯಕ್ಕೆ ಹತ್ತಿರ ಬಂದಷ್ಟೂ ಹೆಡ್‌ಫೋನಿನ ಸದ್ದು ಬದಲಾಗುತ್ತೆ. ಆ ಸದ್ದು ಹಿಡಿದು ಹೊಡೀತಾರೆ. ದಾರಿಯಲ್ಲಿ ಅವರ ಮುಂದೆ ಒಬ್ಬ ಗೈಡ್ ಸ್ಕೀ ಮಾಡ್ತಾ, ತಿರುವು, ಇಳಿಜಾರು ಕೂಗಿ ಹೇಳ್ತಾ ಹೋಗ್ತಾರೆ. ಗೆದ್ದರೆ ಗೈಡ್‌ಗೂ ಪದಕ. ಕಾಲಿಗೆ ಬಲ ಇಲ್ಲದವರು ಎರಡು ಸ್ಕೀಗಳ ಮೇಲೆ ಕೂರಿಸಿದ ಆಸನದಲ್ಲಿ ಕೂತು, ಬರೀ ತೋಳಿನ ಬಲದಿಂದ ಬೆಟ್ಟ ಹತ್ತುತ್ತಾರೆ.

ನಮ್ಮ ಕಸುಬಿನವರಿಗೆ ಇಷ್ಟ ಆಗೋ ವಿಷಯ ಇನ್ನೊಂದಿದೆ. ಕ್ರೀಡಾಪಟುಗಳನ್ನ ಕೂತು ಆಡುವವರು, ನಿಂತು ಆಡುವವರು, ದೃಷ್ಟಿದೋಷ ಇರುವವರು ಅಂತ ಮೂರು ಗುಂಪು ಮಾಡ್ತಾರೆ. ಆದರೆ ಒಂದೇ ಗುಂಪಿನಲ್ಲೂ ಎಲ್ಲರ ದೇಹಸ್ಥಿತಿ ಒಂದೇ ಇರಲ್ಲ. ಅದಕ್ಕೆ ಓಡಿದ ಸಮಯವನ್ನ ಒಂದು ಶೇಕಡಾವಾರಿನಿಂದ ಗುಣಿಸ್ತಾರೆ. ಉದಾಹರಣೆಗೆ, ಹೊಟ್ಟೆ, ಸೊಂಟದ ಸ್ನಾಯುಗಳ ಹಿಡಿತ ಇಲ್ಲದವರ ಶೇಕಡಾವಾರು 86 ಅಂದ್ಕೊಳ್ಳಿ. ಅವರು 20 ನಿಮಿಷದಲ್ಲಿ ಮುಗಿಸಿದರೆ ಲೆಕ್ಕಕ್ಕೆ ಹಿಡಿಯೋದು 17 ನಿಮಿಷ 12 ಸೆಕೆಂಡ್. ನಾವು ಮಾಡೋ ನಾರ್ಮಲೈಸೇಷನ್ನೇ ಇದು. ದೇಹ ಬೇರೆ ಬೇರೆ ಆದ್ರೂ ಪೈಪೋಟಿ ಸಮನಾಗಿರಬೇಕು, ಅಷ್ಟೇ. ಇದರಲ್ಲಿ ಕರುಣೆಯ ಮಾತೇ ಇಲ್ಲ.

"ನಮ್ಮಲ್ಲಿ ಅಂಥವರೇ ಇಲ್ಲ" ಅಂದ ದೇಶದಿಂದ

ಈಗ ಇತಿಹಾಸಕ್ಕೆ ಬರೋಣ. 1980ರ ಒಲಿಂಪಿಕ್ಸ್ ನಡೆದಿದ್ದು ಮಾಸ್ಕೋದಲ್ಲಿ. ಆದರೆ ಆ ವರ್ಷದ ಪ್ಯಾರಾಲಿಂಪಿಕ್ಸ್ ನಡೆದಿದ್ದು ನೆದರ್ಲೆಂಡ್ಸ್‌ನ ಆರ್ನ್‌ಹೆಮ್‌ನಲ್ಲಿ, ಯಾಕಂದ್ರೆ ಸೋವಿಯತ್ ಒಕ್ಕೂಟ ಅದನ್ನ ನಡೆಸೋಕೆ ಒಪ್ಪಲಿಲ್ಲ. ನಮ್ಮ ದೇಶದಲ್ಲಿ ಅಂಗವಿಕಲರೇ ಇಲ್ಲ ಅಂತ ಸೋವಿಯತ್ ಅಧಿಕಾರಿಯೊಬ್ಬರು ಹೇಳಿದರು ಅನ್ನೋ ಮಾತು ಇವತ್ತಿಗೂ ಜನರ ಬಾಯಲ್ಲಿದೆ. ಎರಡನೇ ಮಹಾಯುದ್ಧದಲ್ಲಿ ಲಕ್ಷಗಟ್ಟಲೆ ಜನ ಕೈಕಾಲು ಕಳಕೊಂಡ ದೇಶ ಅದು. ಜನ ಇದ್ದರು, ಆದರೆ ಕಣ್ಣಿಗೆ ಬೀಳ್ತಿರಲಿಲ್ಲ. ಎಷ್ಟೋ ಜನ ಮನೆಯೊಳಗೆ, ಊರಾಚೆಯ ವಸತಿ ಸಂಸ್ಥೆಗಳೊಳಗೆ ಉಳಿದುಹೋಗಿದ್ದರು. ಕೊನೆಗೆ 1988ರಲ್ಲಿ ಸೋವಿಯತ್ ತಂಡ ಮೊದಲ ಸಲ ಪ್ಯಾರಾಲಿಂಪಿಕ್ಸ್‌ಗೆ ಬಂತು. ಅದಾಗಿ ಮೂರೇ ವರ್ಷಕ್ಕೆ ಆ ದೇಶವೇ ಇರಲಿಲ್ಲ.

1991ರಲ್ಲಿ ಉಕ್ರೇನ್ ಸ್ವತಂತ್ರ ಆಯ್ತು. ಆಗ ಅದರ ಕೈಯಲ್ಲಿ ಇದ್ದಿದ್ದೇನು? ವಿಪರೀತ ಬೆಲೆ ಏರಿಕೆ, ಮುಚ್ಚಿದ ಕಾರ್ಖಾನೆಗಳು, ಚೆರ್ನೋಬಿಲ್‌ನ ನೆರಳು, ಅಫ್ಘಾನಿಸ್ತಾನದ ಯುದ್ಧದಿಂದ ಗಾಯಗೊಂಡು ಬಂದ ಯುವಕರು. ಇಂಥ ಹೊತ್ತಲ್ಲಿ ಮುಂದೆ ಬಂದವರು ವಲೇರಿ ಸುಷ್ಕೆವಿಚ್. ಚಿಕ್ಕಂದಿನಲ್ಲಿ ಪೋಲಿಯೋ ಬಂದು ಗಾಲಿಕುರ್ಚಿ ಹಿಡಿದವರು, ಈಜುಗಾರರಾಗಿದ್ದವರು. ಮುಂದೆ ಉಕ್ರೇನಿನ ಪ್ಯಾರಾಲಿಂಪಿಕ್ ಸಮಿತಿಯ ಅಧ್ಯಕ್ಷರಾದರು, ಸಂಸತ್ ಸದಸ್ಯರೂ ಆದರು.

1990ರ ದಶಕದ ಆರಂಭದಲ್ಲಿ ಅಲ್ಲಿ "ಇನ್ವಾಸ್ಪೋರ್ಟ್" ಅನ್ನೋ ವ್ಯವಸ್ಥೆ ಶುರುವಾಯ್ತು. ಇಡೀ ಕಥೆಯ ಬ್ಯಾಕ್‌ಎಂಡ್ ಇದೇ. ಸರ್ಕಾರದ ದುಡ್ಡಲ್ಲಿ ನಡೆಯೋ ಕ್ರೀಡಾ ಕೇಂದ್ರಗಳ ಜಾಲ. ರಾಜಧಾನಿಯಲ್ಲಿ ಒಂದು ದೊಡ್ಡ ಕಟ್ಟಡ ಕಟ್ಟಿ ಫಲಕ ಹಾಕಿ ಕೂರಲಿಲ್ಲ, ಪ್ರಾಂತ್ಯ ಪ್ರಾಂತ್ಯಕ್ಕೂ ಶಾಖೆ ಮಾಡಿದರು. ವಿಕಲಚೇತನ ಮಕ್ಕಳಿಗೇ ಅಂತ ಕ್ರೀಡಾಶಾಲೆಗಳು, ಅಲ್ಲಿ ಸಂಬಳದ ಕೋಚ್‌ಗಳು. ಈ ಕೋಚ್‌ಗಳು ಮಕ್ಕಳು ತಾವಾಗೇ ಬರಲಿ ಅಂತ ಕಾಯದೆ, ವಿಶೇಷ ಶಾಲೆಗಳಿಗೆ, ಪುನರ್ವಸತಿ ಕೇಂದ್ರಗಳಿಗೆ ಹೋಗಿ ಹುಡುಕ್ತಿದ್ದರು. ಕ್ರಿಮಿಯಾದ ಯೆವ್ಪಟೋರಿಯಾದಲ್ಲಿ, ಕಪ್ಪು ಸಮುದ್ರದ ದಡದಲ್ಲಿ, ದೊಡ್ಡ ರಾಷ್ಟ್ರೀಯ ತರಬೇತಿ ಕೇಂದ್ರ ಎದ್ದಿತು. ಪಶ್ಚಿಮದ ಎಲ್ವಿವ್ ಪ್ರಾಂತ್ಯದ ಕಾರ್ಪಾಥಿಯನ್ ಬೆಟ್ಟಗಳಲ್ಲಿ ಇನ್ನೊಂದು.

ಫಲ ಬಂದಿದ್ದು ನಿಧಾನಕ್ಕೆ. ಚಳಿಗಾಲದ ಆಟಗಳಿಗೆ ಉಕ್ರೇನ್ ಮೊದಲ ಸಲ ಹೋಗಿದ್ದು 1998ರಲ್ಲಿ, ಜಪಾನಿನ ನಗಾನೋಗೆ. ಅಲ್ಲಿ 9 ಪದಕ. 2002ರಲ್ಲಿ ಸಾಲ್ಟ್ ಲೇಕ್ ಸಿಟಿಯಲ್ಲಿ 12, ಆದರೆ ಒಂದೂ ಚಿನ್ನ ಇಲ್ಲ. 2006ರಲ್ಲಿ ಟುರಿನ್‌ನಲ್ಲಿ ಒಮ್ಮೆಲೇ 25, ಅದರಲ್ಲಿ 7 ಚಿನ್ನ. 2010ರಲ್ಲಿ ವ್ಯಾಂಕೂವರ್‌ನಲ್ಲಿ 19. ಅದೇ ವ್ಯಾಂಕೂವರ್‌ನ ಒಲಿಂಪಿಕ್ಸ್‌ನಲ್ಲಿ ಉಕ್ರೇನಿಗೆ ಬಂದ ಪದಕ ಸೊನ್ನೆ.

ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ. ಪದಕ ಬಂತು ಅಂದ್ರೆ ಆ ದೇಶದಲ್ಲಿ ಅಂಗವಿಕಲರ ಬದುಕೆಲ್ಲ ಸರಿಹೋಯ್ತು ಅಂತ ಅರ್ಥ ಅಲ್ಲ. ಬೀಜಿಂಗ್‌ನಲ್ಲೇ ಅಮೆರಿಕದ ಪರವಾಗಿ 7 ಪದಕ ಗೆದ್ದ ಒಕ್ಸಾನಾ ಮಾಸ್ಟರ್ಸ್ ಹುಟ್ಟಿದ್ದು ಉಕ್ರೇನಿನ ಖ್ಮೆಲ್ನಿಟ್ಸ್ಕಿಯಲ್ಲಿ, 1989ರಲ್ಲಿ. ಹುಟ್ಟುವಾಗಲೇ ಕೈಕಾಲುಗಳಲ್ಲಿ ತೊಂದರೆ ಇತ್ತು. ಅನಾಥಾಶ್ರಮಗಳಲ್ಲಿ ಬೆಳೆದ ಆಕೆಯನ್ನ 7ನೇ ವಯಸ್ಸಲ್ಲಿ ಅಮೆರಿಕದ ಮಹಿಳೆಯೊಬ್ಬರು ದತ್ತು ತಗೊಂಡರು. ಹುಡುಕೋ ಜಾಲದ ಕೈಗೆ ಸಿಗದ ಮಕ್ಕಳು ಎಲ್ಲಿರ್ತಿದ್ದರು ಅನ್ನೋದು ಇದರಿಂದ ಗೊತ್ತಾಗುತ್ತೆ.

ಸೋಚಿ: ಒಬ್ಬನೇ ಹಿಡಿದ ಬಾವುಟ

2014ರ ಆಟಗಳು ರಷ್ಯಾದ ಸೋಚಿಯಲ್ಲಿ. ಉದ್ಘಾಟನೆ ಮಾರ್ಚ್ 7. ಅದಕ್ಕೆ ಆರು ದಿನ ಮುಂಚೆ, ಉಕ್ರೇನಿನಲ್ಲಿ ಸೇನೆ ಬಳಸೋಕೆ ರಷ್ಯಾದ ಸಂಸತ್ತಿನ ಮೇಲ್ಮನೆ ಒಪ್ಪಿಗೆ ಕೊಟ್ಟಿತ್ತು. ಕ್ರಿಮಿಯಾದ ರಸ್ತೆಗಳಲ್ಲಿ ಗುರುತು ಪಟ್ಟಿ ಇಲ್ಲದ ಸೈನಿಕರು ಆಗಲೇ ನಿಂತಿದ್ದರು. ಉಕ್ರೇನ್ ತಂಡದ ಮುಂದೆ ಎರಡು ದಾರಿ. ವಾಪಸ್ ಹೋಗೋದು ಒಂದು, ಇದ್ದು ಆಡೋದು ಇನ್ನೊಂದು. ಇದ್ದರು. ಪರಿಸ್ಥಿತಿ ಕೈಮೀರಿದರೆ ಆ ಕ್ಷಣವೇ ಹೊರಡ್ತೀವಿ ಅಂತ ಸುಷ್ಕೆವಿಚ್ ಹೇಳಿದ್ದರು.

ಉದ್ಘಾಟನೆಯ ಮೆರವಣಿಗೆಯಲ್ಲಿ ಉಕ್ರೇನ್ ಹೆಸರು ಕೂಗಿದಾಗ ಒಳಗೆ ಬಂದಿದ್ದು ಒಬ್ಬರೇ ಕ್ರೀಡಾಪಟು. ಗಾಲಿಕುರ್ಚಿಯಲ್ಲಿ ಬಾವುಟ ಹಿಡಿದ ಮಿಖೈಲೋ ಟ್ಕಚೆಂಕೋ. ಉಳಿದ ತಂಡ ಹೊರಗೇ ನಿಂತಿತ್ತು. ಘೋಷಣೆ ಇಲ್ಲ, ಗಲಾಟೆ ಇಲ್ಲ. ಕ್ರೀಡಾಂಗಣದಲ್ಲಿದ್ದ ಜನ ಅವರಿಗೆ ಚಪ್ಪಾಳೆ ತಟ್ಟಿದರು, ಅದೂ ರಷ್ಯಾದ ನೆಲದಲ್ಲಿ. ಮುಂದೆ ಪದಕ ವಿತರಣೆಯಲ್ಲಿ ಉಕ್ರೇನಿನವರು ಕೊರಳಿನ ಪದಕವನ್ನ ಅಂಗೈಯಿಂದ ಮುಚ್ಚಿಕೊಂಡು ನಿಲ್ಲೋಕೆ ಶುರುಮಾಡಿದರು. ಒಟ್ಟು 25 ಪದಕ ಬಂತು. ಆಟಗಳ ಕೊನೆಯ ದಿನ, ಮಾರ್ಚ್ 16, ಕ್ರಿಮಿಯಾದಲ್ಲಿ ಜನಮತ ಸಂಗ್ರಹ ಮಾಡಿಸಿದರು. ಮಾರ್ಚ್ 18ಕ್ಕೆ ಕ್ರಿಮಿಯಾವನ್ನ ರಷ್ಯಾ ತನ್ನದಾಗಿಸಿಕೊಂಡಿತು. ಅದರ ಜೊತೆಗೆ ಯೆವ್ಪಟೋರಿಯಾದ ತರಬೇತಿ ಕೇಂದ್ರವೂ ಹೋಯ್ತು.

ಎಷ್ಟೋ ವರ್ಷ ಕಟ್ಟಿದ ಮುಖ್ಯ ಕೇಂದ್ರವೇ ಹೋದರೆ ತಂಡ ಮುಗೀತು ಅಂತ ಯಾರಿಗಾದ್ರೂ ಅನ್ನಿಸುತ್ತೆ. ಆದರೆ 2018ರಲ್ಲಿ ದಕ್ಷಿಣ ಕೊರಿಯಾದ ಪ್ಯೊಂಗ್‌ಚಾಂಗ್‌ನಲ್ಲಿ ಇದೇ ತಂಡ 22 ಪದಕ ಗೆದ್ದಿತು, 7 ಚಿನ್ನ ಸೇರಿ. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ, ಎಲ್ಲ ಒಂದೇ ಸರ್ವರ್‌ನಲ್ಲಿ ಇಟ್ಟಿರಲಿಲ್ಲ. ಪ್ರಾಂತ್ಯಗಳ ಶಾಲೆಗಳು, ಕೋಚ್‌ಗಳು, ಮಕ್ಕಳು, ಎಲ್ಲ ಹಾಗೇ ಇದ್ದರು.

ಬೀಜಿಂಗ್: ಬಂದು ಸೇರಿದ್ದೇ ದೊಡ್ಡದು

2022ರ ಫೆಬ್ರವರಿ 24ಕ್ಕೆ ಯುದ್ಧ ಶುರು. ಮಾರ್ಚ್ 4ಕ್ಕೆ ಬೀಜಿಂಗ್‌ನಲ್ಲಿ ಉದ್ಘಾಟನೆ. ಉಕ್ರೇನಿನ ವಾಯುಮಾರ್ಗ ಮುಚ್ಚಿತ್ತು. 20 ಕ್ರೀಡಾಪಟುಗಳು, 9 ಗೈಡ್‌ಗಳು. ಗಾಲಿಕುರ್ಚಿ, ಸ್ಕೀ, ರೈಫಲ್ ಎಲ್ಲ ಹೊತ್ತುಕೊಂಡು, ರಸ್ತೆ ದಾರಿ ಹಿಡಿದು, ಯುರೋಪಿನ ಮೂಲಕ ದಿನಗಟ್ಟಲೆ ಪ್ರಯಾಣ ಮಾಡಿ ಮಾರ್ಚ್ 2ಕ್ಕೆ ಬೀಜಿಂಗ್ ಮುಟ್ಟಿದರು. ನಾವಿಲ್ಲಿ ಬಂದಿರೋದೇ ಪವಾಡ, ಬರದೇ ಇದ್ದಿದ್ದರೆ ಅದು ಸುಲಭದ ದಾರಿ ಹಿಡಿದ ಹಾಗೆ ಆಗ್ತಿತ್ತು ಅನ್ನೋ ಅರ್ಥದಲ್ಲಿ ಸುಷ್ಕೆವಿಚ್ ಪತ್ರಕರ್ತರ ಮುಂದೆ ಮಾತಾಡಿದರು.

ಅವರು ಬಂದ ದಿನವೇ ಅಂತರರಾಷ್ಟ್ರೀಯ ಪ್ಯಾರಾಲಿಂಪಿಕ್ ಸಮಿತಿ, ರಷ್ಯಾ ಮತ್ತು ಬೆಲಾರಸ್‌ನವರು ಬಾವುಟ ಇಲ್ಲದೆ ಆಡಬಹುದು ಅಂತ ತೀರ್ಮಾನ ಮಾಡ್ತು. ಎಷ್ಟೋ ದೇಶಗಳು ವಿರೋಧ ಮಾಡಿದವು. ಮಾರನೇ ದಿನವೇ ಸಮಿತಿ ತೀರ್ಮಾನ ಬದಲಿಸಿ, ಆ ಎರಡೂ ದೇಶದವರಿಗೆ ಪ್ರವೇಶ ಇಲ್ಲ ಅಂತು. ಬೀಜಿಂಗ್‌ಗೆ ಬಂದಿಳಿದಿದ್ದ ರಷ್ಯಾದ ಕ್ರೀಡಾಪಟುಗಳು ಆಡದೆ ವಾಪಸ್ ಹೋದರು. ಬಲಿಷ್ಠ ರಷ್ಯಾ ತಂಡ ಇಲ್ಲದ್ದು ಪದಕ ಪಟ್ಟಿಯ ಮೇಲೆ ಪರಿಣಾಮ ಬೀರಿರುತ್ತೆ, ಅದನ್ನ ಮುಚ್ಚಿಡೋದು ಬೇಡ. ಆದರೆ ಹಿಂದಿನ ನಾಲ್ಕು ಆಟಗಳ 25, 19, 25, 22 ನೋಡಿದರೆ, 29 ಆಕಾಶದಿಂದ ಉದುರಿದ್ದಲ್ಲ ಅಂತ ಗೊತ್ತಾಗುತ್ತೆ.

ಮೊದಲ ದಿನ, ಬೀಜಿಂಗ್‌ನಿಂದ ವಾಯವ್ಯಕ್ಕಿರೋ ಝಾಂಗ್‌ಜಿಯಾಕೋ ಬೆಟ್ಟಗಳಲ್ಲಿ, ಉಕ್ರೇನಿಗೆ 7 ಪದಕ. ದೃಷ್ಟಿದೋಷ ಇರುವ ಪುರುಷರ ಬಯಾಥ್ಲಾನ್‌ನಲ್ಲಿ ಮೂರಕ್ಕೆ ಮೂರೂ ಪದಕ ಅವರದೇ. ಚಿನ್ನ ಲುಕ್ಯಾನೆಂಕೋಗೆ, ಬೆಳ್ಳಿ ಒಲೆಕ್ಸಾಂಡರ್ ಕಜಿಕ್‌ಗೆ, ಕಂಚು ಡಿಮಿಟ್ರೋ ಸುಯಾರ್ಕೋಗೆ. ತನ್ನ ಪದಕ ನಗರಗಳನ್ನ ಕಾಯ್ತಾ ಇರೋರಿಗೆ ಅರ್ಪಣೆ ಅಂದರು ಲುಕ್ಯಾನೆಂಕೋ. ಆ ಆಟಗಳ ನಡುವೆಯೇ ಸುಯಾರ್ಕೋ ಅವರ ಮನೆ ಬಾಂಬ್ ಬಿದ್ದು ನಾಶ ಆಯ್ತು. ಹೆಡ್‌ಫೋನ್ ಹಾಕ್ಕೊಂಡು ಸಣ್ಣ ಸದ್ದಿನ ವ್ಯತ್ಯಾಸ ಹಿಡೀಬೇಕಾದ ಆಟ ಅದು. ಮನಸ್ಸು ಅಲ್ಲಿ ನಿಲ್ಲಲಿಲ್ಲ, ಅದಕ್ಕೇ ಗುರಿ ತಪ್ಪಿತು ಅಂತ ಅವರೇ ಹೇಳಿಕೊಂಡರು. ತಂಡದ 19 ವರ್ಷದ ಹುಡುಗಿಯೊಬ್ಬಳ ಅಪ್ಪ ಸೈನಿಕರು. ಅವರು ಸೆರೆ ಸಿಕ್ಕ ಸುದ್ದಿ ಬಂದ ಮೇಲೆ ಅವಳು ಅವತ್ತಿನ ಸ್ಪರ್ಧೆಗೆ ಇಳಿಯಲಿಲ್ಲ.

ಮಾರ್ಚ್ 10ಕ್ಕೆ ಇಡೀ ತಂಡ ಕ್ರೀಡಾಗ್ರಾಮದಲ್ಲಿ ಶಾಂತಿಗಾಗಿ ಒಂದು ನಿಮಿಷ ಮೌನವಾಗಿ ನಿಂತಿತು. ಮಾರ್ಚ್ 13ಕ್ಕೆ ಆಟ ಮುಗೀತು. ಬೇರೆ ದೇಶದವರು ಮನೆಗೆ ಹೊರಟರು. ಉಕ್ರೇನಿನ ಚಾಂಪಿಯನ್‌ಗಳು ಹೊರಟಿದ್ದು ಪೋಲೆಂಡಿಗೆ.

ಅದಾಗಿ ಎಂಟು ದಿನಕ್ಕೆ, ಮಾರ್ಚ್ 21ಕ್ಕೆ, ಹಾವೇರಿಯ ಆ ಹುಡುಗನ ದೇಹ ಬೆಂಗಳೂರಿಗೆ ಬಂತು. ಮಗನ ದೇಹವನ್ನ ಅವನ ಅಪ್ಪ ಅಮ್ಮ ದಾವಣಗೆರೆಯ ಮೆಡಿಕಲ್ ಕಾಲೇಜಿಗೆ ದಾನ ಕೊಟ್ಟರು.

ನಮಗೇನು ಇದರಲ್ಲಿ?

ನನ್ನ ದೊಡ್ಡಪ್ಪನ ಮಗನಿಗೆ ಎರಡನೇ ವರ್ಷಕ್ಕೆ ಪೋಲಿಯೋ. ನನಗಿಂತ ಆರು ವರ್ಷ ದೊಡ್ಡವನು. ಅವನ ತೋಳಿನ ಬಲ ಊರಿಗೇ ಗೊತ್ತಿತ್ತು, ಕೈಪಂಜದಲ್ಲಿ ಅವನನ್ನ ಸೋಲಿಸೋರು ಯಾರೂ ಇರಲಿಲ್ಲ. ಶಾಲೆಯ ಪಿ.ಟಿ. ಪೀರಿಯಡ್‌ನಲ್ಲಿ ಅವನಿಗೆ ಕೊಡ್ತಿದ್ದ ಕೆಲಸ ಒಂದೇ, ಮರದ ಕೆಳಗೆ ಕೂತು ಉಳಿದವರ ಚೀಲ ಕಾಯೋದು. ಅದು ಯಾರ ದುಷ್ಟತನವೂ ಅಲ್ಲ. ಮೇಷ್ಟ್ರಿಗೆ ಬೇರೆ ಏನು ಮಾಡಿಸಬೇಕು ಅಂತ ಗೊತ್ತಿರಲಿಲ್ಲ, ಅವರಿಗೆ ಹೇಳಿಕೊಡೋರೂ ಇರಲಿಲ್ಲ. ಉಕ್ರೇನಿನ ಸ್ಕೀಯರ್‌ಗಳು ಬರೀ ತೋಳಿನಿಂದ ಬೆಟ್ಟ ಹತ್ತೋದನ್ನ ನೋಡಿದಾಗ ನನಗೆ ಮೊದಲು ನೆನಪಾಗಿದ್ದು ಅವನು. ವಿಡಿಯೋ ಕಳಿಸಿದೆ. ಪೂರ್ತಿ ನೋಡಿ, "ಇಂಥದ್ದೂ ಇತ್ತಾ?" ಅಂತ ಒಂದು ಸಾಲು ಬರೆದ.

2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಬಂದಿದ್ದು ಒಂದೇ ಪದಕ. ಹೈಜಂಪ್‌ನಲ್ಲಿ ನಮ್ಮ ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ ಗೆದ್ದ ಬೆಳ್ಳಿ. ಎಷ್ಟು ಹೆಮ್ಮೆಪಟ್ಟೆವು ನಾವು! ಅದೇ ಲಂಡನ್‌ನಲ್ಲಿ ಉಕ್ರೇನ್ ಗೆದ್ದಿದ್ದು 84. ಆಗ ಆ ದೇಶದ ಜನಸಂಖ್ಯೆ ಸುಮಾರು 4.5 ಕೋಟಿ, ನಮ್ಮ ಕರ್ನಾಟಕಕ್ಕಿಂತ ಕಮ್ಮಿ. ಗಿರೀಶ ತನ್ನ ಛಲದಿಂದ ಎದ್ದು ಬಂದರು. ಅಲ್ಲಿ ಛಲ ಇದ್ದವರನ್ನ ಹುಡುಕಿಕೊಂಡು ಯಾರೋ ಹೋಗ್ತಿದ್ದರು. 1ಕ್ಕೂ 84ಕ್ಕೂ ಇರೋ ದೊಡ್ಡ ವ್ಯತ್ಯಾಸ ಇದು.

ಈಗ ನಮ್ಮಲ್ಲೂ ಬದಲಾಗ್ತಾ ಇದೆ. 2024ರ ಪ್ಯಾರಿಸ್‌ನಲ್ಲಿ ಭಾರತಕ್ಕೆ ಬಂದಿದ್ದು, ಕಾಕತಾಳೀಯ ನೋಡಿ, 29 ಪದಕ. ಹಾಸನದಲ್ಲೇ ಹುಟ್ಟಿದ ಸುಹಾಸ್ ಯತಿರಾಜ್ ಬ್ಯಾಡ್ಮಿಂಟನ್‌ನಲ್ಲಿ ಗೆದ್ದ ಬೆಳ್ಳಿಯೂ ಅದರಲ್ಲಿದೆ. 12 ವರ್ಷದಲ್ಲಿ 1ರಿಂದ 29. ಹಣ, ಕೋಚ್, ತರಬೇತಿ ಕೊಟ್ಟರೆ ಏನಾಗುತ್ತೆ ಅಂತ ನಾವೇ ಕಣ್ಣಾರೆ ನೋಡಿದ್ದೀವಿ.

ಇಂಥ ಆಟಗಳನ್ನ ನೋಡಿದಾಗ "ಅಬ್ಬಾ, ಎಂಥಾ ಛಲ, ಕಣ್ಣಲ್ಲಿ ನೀರು ಬಂತು" ಅಂತ ಫಾರ್ವರ್ಡ್ ಮಾಡಿ ಸುಮ್ಮನಾಗಿಬಿಡ್ತೀವಿ. ನಾನೂ ಹಾಗೇ ಮಾಡಿದ್ದೀನಿ. ಹಾಗೆ ಮಾಡಿದಾಗ ಗೆದ್ದವರಿಗೆ ಚಪ್ಪಾಳೆ ಸಿಗುತ್ತೆ, ಚೀಲ ಕಾಯ್ತಾ ಕೂತ ಹುಡುಗನಿಗೆ ಮಾತ್ರ ಏನೂ ಸಿಗಲ್ಲ. ಉಕ್ರೇನಿನ ತಂಡ ಕೇಂದ್ರ ಕಳಕೊಂಡಿತು, ಕೆಲವರು ಮನೆ ಕಳಕೊಂಡರು. ಆದರೂ ತಂಡ ಉಳೀತು, ಯಾಕಂದ್ರೆ ಮೂವತ್ತು ವರ್ಷ ಹಿಂದೆ ಯಾರೋ ಕೂತು, ಪ್ರತಿ ಪ್ರಾಂತ್ಯಕ್ಕೂ ಒಬ್ಬ ಕೋಚ್ ಬೇಕು ಅಂತ ಲೆಕ್ಕ ಹಾಕಿದ್ದರು.

ಮುಂದಿನ ಸಲ ಊರಿಗೆ ಹೋದಾಗ ನಿಮ್ಮ ಹಳೇ ಶಾಲೆ ಕಡೆ ಹೋದರೆ, ಪಿ.ಟಿ. ಪೀರಿಯಡ್‌ನಲ್ಲಿ ಮರದ ಕೆಳಗೆ ಯಾರಾದ್ರೂ ಕೂತಿದ್ದಾರಾ ನೋಡಿ. ಕೂತಿದ್ದರೆ ಮೇಷ್ಟ್ರ ಹತ್ತಿರ ಎರಡು ಮಾತಾಡಿ ಬನ್ನಿ. ಅವರಿಗೆ ಏನು ಬೇಕು ಅಂತ ಕೇಳಿ. ನಾವು ಹೊರಗಿರೋರು, ಸಂಬಳ ತಗೊಳ್ಳೋರು, ಇಷ್ಟಾದ್ರೂ ಮಾಡಬಹುದು.

ಇವತ್ತಿಗೆ ಇಷ್ಟು ಸಾಕು. ನಿಮ್ಮ ಕಡೆಯ ಅನುಭವ ಇದ್ದರೆ ಬರೀರಿ, ಓದ್ತೀನಿ. ಮುಂದಿನ ವಾರ ಸಿಗೋಣ. ನಮಸ್ಕಾರ.